ಬಿಯರ್ ಹೊಳೆಯಲ್ಲಿ ಸತ್ತವರು ಯಾರು?

ಹತ್ತನೇ ಮಹಡಿಯಿಂದ ಸಾಯಲೆಂದು ಹಾರಿದವನೊಬ್ಬ ಒಂಬತ್ತನೇ ಮಹಡಿಯ ಕಿಟಕಿ ದಾಟುವಾಗ ಒಳಗಿನಿಂದ ಬಂದ ಗುಂಡಿಗೆ ಬಲಿಯಾಗುತ್ತಾನೆ. ಕೆಳಗೆ ಬಲೆ ಕಟ್ಟಿತ್ತು, ಗುಂಡು ತಗಲದಿದ್ದರೆ ಬದುಕುತ್ತಿದ್ದ. ಗುಂಡು ಹಾರಿಸಿದ್ದು ಒಬ್ಬ ಮುದುಕ. ಜಗಳವಾದಾಗಲೆಲ್ಲ ಹೆಂಡತಿಗೆ ಖಾಲಿ ಬಂದೂಕು ತೋರಿಸುವುದು ಅವನ ಚಾಳಿ. ಅದಕ್ಕೆ ಕದ್ದು ತೋಟಾ ತುಂಬಿದ್ದವನು ದುಡ್ಡು ಕೊಡದ ಅಮ್ಮನ ಮೇಲೆ ಹಗೆ ಕಟ್ಟಿಕೊಂಡಿದ್ದ ಅವರ ಮಗ. ಮೇಲಿನಿಂದ ಹಾರಿದವನೂ ಅವನೇ! ರೊನಾಲ್ಡ್ ಓಪಸ್‌ನ ಈ ಕಥೆ ‘ನಿಜವಾಗಿ ನಡೆದದ್ದು’ ಎಂಬ ಹಣೆಪಟ್ಟಿ ಹೊತ್ತು ಮೂವತ್ತು ವರ್ಷಗಳಿಂದ ಇಂಟರ್ನೆಟ್ಟಿನಲ್ಲಿ ಅಲೆಯುತ್ತಿದೆ. ಓಪಸ್ ಎಂಬುವನು ಹುಟ್ಟಿಯೇ ಇರಲಿಲ್ಲ. 1987ರಲ್ಲಿ ಅಮೆರಿಕದ ವಿಧಿವಿಜ್ಞಾನ ತಜ್ಞರ ಔತಣಕೂಟದಲ್ಲಿ ಡಾನ್ ಹಾರ್ಪರ್ ಮಿಲ್ಸ್ ಕಟ್ಟಿ ಹೇಳಿದ ಕಥೆ ಅದು. ಒಂದು ವಿವರ ಬದಲಾದರೆ ಆತ್ಮಹತ್ಯೆ ಕೊಲೆಯಾಗುವುದು, ಕೊಲೆ ಮತ್ತೆ ಆತ್ಮಹತ್ಯೆಯಾಗುವುದು ಹೇಗೆಂದು ತೋರಿಸುವುದು ಅವರ ಉದ್ದೇಶವಾಗಿತ್ತು. ಕಲ್ಪಿತವೆಂದು ಅವರೇ ಹೇಳಿದರೂ ಕಥೆಯ ಓಟ ನಿಲ್ಲಲಿಲ್ಲ.

ಓಪಸ್‌ನದು ಅಪರೂಪದ ಪ್ರಕರಣ, ಅಲ್ಲಿ ಸಾವೂ ಸುಳ್ಳು. ಸಾಮಾನ್ಯವಾಗಿ ಸಾವು ನಿಜವಿರುತ್ತದೆ, ತಮಾಷೆ ಮಾತ್ರ ಆಮೇಲೆ ಬಂದು ಸೇರಿಕೊಂಡಿರುತ್ತದೆ. ಫ್ರೆಂಚ್ ನಾಟಕಕಾರ ಮೋಲಿಯೇರ್ 1673ರಲ್ಲಿ ರೋಗಭ್ರಮೆಯವನ ಪಾತ್ರ ಮಾಡುತ್ತ ರಂಗದ ಮೇಲೇ ಸತ್ತನೆನ್ನುತ್ತಾರೆ. ನಾಟಕದ ನಡುವೆ ಕುಸಿದದ್ದು ಹೌದು, ಆದರೆ ಪಾತ್ರ ಮುಗಿಸಿಯೇ ಮನೆಗೆ ಹೋಗಿ ಅದೇ ರಾತ್ರಿ ಪ್ರಾಣ ಬಿಟ್ಟ. ಅವನ ಒಡನಾಡಿಯಾಗಿದ್ದ ಸಂಗೀತಗಾರ ಲುಲ್ಲಿ ತಾಳ ಹಾಕುವ ಕೋಲನ್ನು ತನ್ನ ಪಾದಕ್ಕೇ ಕುಟ್ಟಿಕೊಂಡು, ಗಾಯ ಕೊಳೆತು 1687ರಲ್ಲಿ ಸತ್ತ. ಕಟ್ಟುಕಥೆಯಂತೆ ಕೇಳಿಸುವ ಇದು ನಿಜ.

ತೆಂಗಿನಕಾಯಿ ಬಿದ್ದು ವರ್ಷಕ್ಕೆ 150 ಜನ ಸಾಯುತ್ತಾರೆ, ಶಾರ್ಕಿಗೆ ಬಲಿಯಾಗುವವರಿಗಿಂತ ಹೆಚ್ಚು ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಈ ಅಂಕಿ 2002ರಲ್ಲಿ ಬ್ರಿಟನ್ನಿನ ಪ್ರವಾಸ ವಿಮೆ ಕಂಪನಿಯೊಂದರ ಪ್ರಕಟಣೆಯಲ್ಲಿತ್ತು. ಅದಕ್ಕೆ ಆಧಾರವೆಂದು ತೋರಿಸಲಾಗುವ ಪೀಟರ್ ಬಾರ್ಸ್ ಎಂಬ ವೈದ್ಯರ 1984ರ ಲೇಖನದಲ್ಲಿ 150 ಇಲ್ಲವೇ ಇಲ್ಲ. ಪಪುವಾ ನ್ಯೂಗಿನಿಯ ಒಂದು ಆಸ್ಪತ್ರೆಗೆ ನಾಲ್ಕು ವರ್ಷಗಳಲ್ಲಿ ಪೆಟ್ಟಾಗಿ ದಾಖಲಾದವರಲ್ಲಿ ಶೇ. 2.5ರಷ್ಟು ಮಂದಿಗೆ ಕಾಯಿ ಬಿದ್ದಿತ್ತು ಎಂದಷ್ಟೇ ಅದರಲ್ಲಿದೆ. ತಿಪಟೂರಿನ ತೋಟದವರಿಗೆ ಕಾಯಿಯ ಭಯಕ್ಕಿಂತ ಮರದಿಂದ ಬೀಳುವ ಭಯವೇ ದೊಡ್ಡದು. ಆದರೆ ಅದರಲ್ಲಿ ನಗುವಂಥದ್ದೇನೂ ಇಲ್ಲವಲ್ಲ, ಹಾಗಾಗಿ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ನನಗೆ ನಿಜಕ್ಕೂ ಸಿಟ್ಟು ಬರಿಸುವುದು ಲಂಡನ್ನಿನ ಬಿಯರ್ ಪ್ರವಾಹದ ಕಥೆ. ಬೀದಿಯಲ್ಲಿ ಬಿಯರ್ ಹರಿಯಿತಂತೆ, ಜನ ಪಾತ್ರೆ ಪಗಡೆ ಹಿಡಿದು ಓಡಿಬಂದರಂತೆ, ಒಬ್ಬ ಕುಡಿದೂ ಕುಡಿದೂ ಸತ್ತನಂತೆ.

1814ರ ಅಕ್ಟೋಬರ್ 17, ಸೋಮವಾರ. ಟಾಟೆನ್‌ಹ್ಯಾಮ್ ಕೋರ್ಟ್ ರಸ್ತೆಯ ಹತ್ತಿರ ಮ್ಯೂಕ್ಸ್ ಕಂಪನಿಯ ಬಿಯರ್ ಕಾರ್ಖಾನೆ. ಸಂಜೆ ನಾಲ್ಕೂವರೆಗೆ ಉಗ್ರಾಣದ ಗುಮಾಸ್ತ ಜಾರ್ಜ್ ಕ್ರಿಕ್‌ನ ಕಣ್ಣಿಗೆ 22 ಅಡಿ ಎತ್ತರದ ಮರದ ಪೀಪಾಯಿಯಿಂದ ಕಬ್ಬಿಣದ ಬಳೆಯೊಂದು ಜಾರಿರುವುದು ಬಿತ್ತು. ಬಳೆಯ ತೂಕವೇ ಮುನ್ನೂರು ಕಿಲೋಗೆ ಮೇಲೆ. ವರ್ಷಕ್ಕೆ ಎರಡು ಮೂರು ಸಲ ಹೀಗಾಗುವುದು ಅಲ್ಲಿ ಮಾಮೂಲು. ಮೇಲಿನವರಿಗೆ ತಿಳಿಸಿದ. ಏನೂ ಅಪಾಯವಿಲ್ಲ ಎಂದರು. ರಿಪೇರಿ ಮಾಡಿಸಿ ಎಂದು ಚೀಟಿ ಬರೆದ. ಗಂಟೆ ಕಳೆದು ಆ ಚೀಟಿ ಕೈಯಲ್ಲಿ ಹಿಡಿದು ನಿಂತಿದ್ದಾಗಲೇ ಪೀಪಾಯಿ ಒಡೆಯಿತು. ಆ ರಭಸಕ್ಕೆ ಅಕ್ಕಪಕ್ಕದ ಪೀಪಾಯಿಗಳೂ ಕಾರ್ಖಾನೆಯ ಹಿಂದಿನ ಗೋಡೆಯೂ ಹೋದವು.

ಗೋಡೆಯಾಚೆ ಇದ್ದದ್ದು ಸೇಂಟ್ ಜೈಲ್ಸ್‌ನ ಕೊಳೆಗೇರಿ, ಬಡ ಐರಿಷ್ ಸಂಸಾರಗಳು. ನೆಲಮಾಳಿಗೆಯೊಂದರಲ್ಲಿ ಎರಡು ವರ್ಷದ ಮಗುವಿನ ಶವವಿಟ್ಟುಕೊಂಡು ಬಂಧುಬಳಗ ಕೂತಿತ್ತು. ಮಗುವಿನ ತಾಯಿಯೂ ಸೇರಿ ಅಲ್ಲೇ ಐವರು ಸತ್ತರು. ಇನ್ನೊಂದು ಮನೆಯಲ್ಲಿ ನಾಲ್ಕು ವರ್ಷದ ಹುಡುಗಿ ಅಮ್ಮನ ಜೊತೆ ಟೀ ಹೊತ್ತಿನ ತಿಂಡಿಗೆ ಕೂತಿದ್ದಳು. ಒಟ್ಟು ಎಂಟು ಸಾವು. ಎಂಟೂ ಹೆಂಗಸರು, ಮಕ್ಕಳು. ಕುಡಿದು ಸತ್ತವರು ಒಬ್ಬರೂ ಇಲ್ಲ. ಆ ಕಾಲದ ಪತ್ರಿಕೆಗಳಲ್ಲಿ ಕುಡಿತದ ಗಲಾಟೆಯ ಸುದ್ದಿಯೂ ಇಲ್ಲ. ಅವಶೇಷದಡಿ ಸಿಕ್ಕಿಕೊಂಡವರ ಕೂಗು ಕೇಳಿಸಲೆಂದು ನೆರೆದವರು ಸದ್ದು ಮಾಡದೆ ನಿಂತಿದ್ದರೆಂಬ ವರದಿ ಇದೆ. ಬಿಯರ್ ಎಂದರೆ ಕುಡುಕರು, ಐರಿಷ್ ಎಂದರೆ ಇನ್ನೂ ಕುಡುಕರು ಎಂಬ ಲೆಕ್ಕಾಚಾರ ಆಮೇಲಿನವರದು.

ಎರಡು ದಿನದ ಬಳಿಕ ನಡೆದ ವಿಚಾರಣೆಯಲ್ಲಿ ಪಂಚರು ಇದು ಆಕಸ್ಮಿಕ, ದುರದೃಷ್ಟ ಎಂದು ತೀರ್ಮಾನ ಕೊಟ್ಟರು. ಹೀಗಾಗಿ ಕಂಪನಿ ಪರಿಹಾರ ಕೊಡುವ ಪ್ರಶ್ನೆಯೇ ಬರಲಿಲ್ಲ. ಶವ ನೋಡಲು ಬಂದವರು ಹಾಕಿದ ಕಾಸೇ ಅಂತ್ಯಸಂಸ್ಕಾರದ ಖರ್ಚಿಗಾಯಿತು. ಕಂಪನಿಯವರು ಮಾತ್ರ, ಚೆಲ್ಲಿಹೋದ ಬಿಯರಿಗೆ ಮೊದಲೇ ಅಬಕಾರಿ ಸುಂಕ ಕಟ್ಟಿದ್ದೇವೆಂದು ಪಾರ್ಲಿಮೆಂಟಿಗೆ ಅರ್ಜಿ ಹಾಕಿ, 7,250 ಪೌಂಡ್ ವಾಪಸು ಪಡೆದರು.