ಗಿಟಾರ್ ಜೊತೆಗೊಂದು ತಮಟೆ

ಪಂಕ್ ಅಂದ ಕೂಡಲೇ ಬಣ್ಣ ಬಳಿದ ಜುಟ್ಟು, ಹರಿದ ಜೀನ್ಸ್ ಕಣ್ಮುಂದೆ ಬರುತ್ತವೆ. ಆದರೆ ಅದರ ಗುಟ್ಟು ಬಹಳ ಸರಳ. 1976ರ ಹೊತ್ತಿಗೆ ಲಂಡನ್, ನ್ಯೂಯಾರ್ಕ್‌ಗಳಲ್ಲಿ ಕೈಯಲ್ಲಿ ಕಾಸಿಲ್ಲದ ಹುಡುಗರು ಮೂರು ಕಾರ್ಡ್ ಕಲಿತು, ಎರಡು ನಿಮಿಷದ ಹಾಡು ಕಟ್ಟಿ, ಗಂಟಲು ಹರಿಯುವಂತೆ ಹಾಡಿದರು. ಸಂಗೀತ ಕಲಿತವರಷ್ಟೇ ವೇದಿಕೆ ಹತ್ತಬೇಕು ಎಂಬ ಮಾತನ್ನು ಲೆಕ್ಕಕ್ಕೇ ಇಡಲಿಲ್ಲ.

ಆ ಗಾಳಿ ಹೊಸಕೋಟೆ ತಾಲ್ಲೂಕಿನ ನಮ್ಮ ಅನುಗೊಂಡನಹಳ್ಳಿಗೆ ಬೀಸಿದ್ದು ಮೂವತ್ತು ವರ್ಷ ತಡವಾಗಿ, ಅದೂ ಮೊಬೈಲ್ ಚಿಪ್‌ನಲ್ಲಿ. 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಾಗ ನಮ್ಮ ಬಳಿ ಟಿಕೆಟ್‌ಗೆ ದುಡ್ಡಿರಲಿಲ್ಲ. ಇದ್ದಿದ್ದರೂ ರಾತ್ರಿ ವಾಪಸ್ ಬರಲು ಬಸ್ಸಿರಲಿಲ್ಲ. ಹೊಸಕೋಟೆಯ ಮೊಬೈಲ್ ಅಂಗಡಿಯಲ್ಲಿ ಇಪ್ಪತ್ತು ರೂಪಾಯಿಗೆ ಚಿಪ್ ತುಂಬ ಹಾಡು ಹಾಕಿಕೊಡುತ್ತಿದ್ದರು. ಸಿನಿಮಾ ಹಾಡುಗಳ ನಡುವೆ ರಾಮೋನ್ಸ್ ಕೂಡ ಸೇರಿಕೊಂಡು ಬಂತು. ಮರುವರ್ಷ ‘ಸೈಕೋ’ ಚಿತ್ರದ ಹಾಡುಗಳು ಬಂದವು. ಲುಂಗಿ ಉಟ್ಟು ಗಿಟಾರ್ ನುಡಿಸುವ ರಘು ದೀಕ್ಷಿತ್ ಅವರನ್ನು ನೋಡಿ, ಕನ್ನಡಕ್ಕೂ ಗಿಟಾರಿಗೂ ಜಗಳವಿಲ್ಲ ಎಂಬ ಧೈರ್ಯ ಬಂತು.

ಡಿಗ್ರಿ ಓದುತ್ತಿದ್ದ ನಾವು ಮೂವರು ಸೇರಿ ಬ್ಯಾಂಡ್ ಕಟ್ಟಿದೆವು. ನನ್ನದು ಸೆಕೆಂಡ್ ಹ್ಯಾಂಡ್ ಗಿಟಾರ್, ಇನ್ನೊಬ್ಬನದು ಗಂಟಲು. ಡ್ರಮ್ ಸೆಟ್ ಕೊಳ್ಳುವುದು ಕನಸಿನ ಮಾತು. ಮೂರನೆಯವನು ಮನೆಯಿಂದ ತಮಟೆ ತಂದ. ರೇಷ್ಮೆ ಹುಳು ಸಾಕುವ ಮನೆ ಬೆಳೆ ಮುಗಿದು ಖಾಲಿಯಾದಾಗ ಅಲ್ಲೇ ನಮ್ಮ ಪ್ರಾಕ್ಟೀಸ್. ಹೊರಗೆ ಹುಲ್ಲಿಗೆ ಬೆಂಕಿ ಹಾಕಿ ಚರ್ಮ ಕಾಯಿಸಿ, ಎರಡು ಕೋಲು ಹಿಡಿದು ಅವನು ಶುರು ಮಾಡಿದರೆ ನನ್ನ ಗಿಟಾರ್ ಯಾರಿಗೂ ಕೇಳಿಸುತ್ತಿರಲಿಲ್ಲ. ಹಾಡಿಗೆ ವಿಷಯ ಹುಡುಕುವ ಕಷ್ಟವೂ ಇರಲಿಲ್ಲ. ವೈಟ್‌ಫೀಲ್ಡ್ ಕಡೆಯಿಂದ ಸೈಟಿನ ಬ್ರೋಕರ್‌ಗಳು ಬರುತ್ತಿದ್ದರು, ರಾಗಿ ಹೊಲಗಳು ಲೇಔಟ್ ಆಗುತ್ತಿದ್ದವು. ಅದನ್ನೇ ಹಾಡು ಮಾಡಿದೆವು.

ಒಂದು ಸಂಜೆ ತಮಟೆ ಗೆಳೆಯನ ಅಪ್ಪ ಬಂದು ಬಾಗಿಲಲ್ಲಿ ನಿಂತರು. “ಇದನ್ನ ಬುಟ್ಟು ಓದ್ಲಿ ಅಂತ ಕಾಲೇಜಿಗೆ ಕಳ್ಸಿವ್ನಿ. ನೀವು ಅದನ್ನೇ ತಿರ್ಗಾ ಇವ್ನ ಕೈಗೆ ಕೊಡ್ತೀರಲ್ಲಪ್ಪಾ” ಅಂದರು.

ನಾನು ಸುಮ್ಮನಾದೆ. ಊರ ಹಬ್ಬಕ್ಕೂ ಬೇಕು, ಸಾವಿಗೂ ಬೇಕು. ಆದರೆ ಬಡಿದವರಿಗೆ ಗುಡಿಯೊಳಗೆ ಜಾಗವಿಲ್ಲ. ನನಗೆ ತಮಟೆ ಹೊಸ ವಾದ್ಯ, ಅವರಿಗೆ ತಲೆಮಾರುಗಳ ಬಿಟ್ಟಿ ಚಾಕರಿ. ಉತ್ತರ ಕೊಟ್ಟಿದ್ದು ಅವನೇ: “ಅಪ್ಪಾ, ಅವರು ಕರೆದಾಗ ಹೋಗಿ ಬಡಿಯೋದು ಬೇರೆ. ನಂಗೆ ಇಷ್ಟ ಅಂತ ಬಡಿಯೋದು ಬೇರೆ.” ಅಪ್ಪ ಏನೂ ಹೇಳದೆ ಹೋದರು. ಕಾಲೇಜು ವಾರ್ಷಿಕೋತ್ಸವದಲ್ಲಿ ಮುಂದಿನ ಸಾಲಿನ ಮೇಷ್ಟ್ರುಗಳು ಕಿವಿ ಮುಚ್ಚಿಕೊಂಡರು, ಹಿಂದಿನ ಸಾಲುಗಳು ಎದ್ದು ಕುಣಿದವು. ಗೇಟಿನ ಹತ್ತಿರ ಆ ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಕೊನೆಯವರೆಗೂ ನಿಂತಿದ್ದರು.

ಇದರಲ್ಲಿ ನಾವು ಮೊದಲಿಗರೇನಲ್ಲ ಎಂದು ಆಮೇಲೆ ಓದಿ ತಿಳಿಯಿತು. ಲಂಡನ್ನಿನ ಹುಡುಗರಿಗಿಂತ ಮೊದಲೇ, 1975ರಲ್ಲಿ, ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದಿತ್ತು. ದಲಿತ ಸಂಘರ್ಷ ಸಮಿತಿಯ ಯುವಕರು ಅವರ ಹಾಡುಗಳನ್ನು ಊರೂರಿಗೆ ಒಯ್ದಿದ್ದರು. ಅವರೂ ಸಂಗೀತ ಶಾಲೆಯ ಸರ್ಟಿಫಿಕೇಟ್ ಕೇಳಿಕೊಂಡು ಬಾಯಿ ತೆರೆದವರಲ್ಲ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಬಂದಾಗ ನಾನು ಮೊದಲು ಫೋನ್ ಮಾಡಿದ್ದು ಗೆಳೆಯನಿಗೆ. “ನಮ್ಮಪ್ಪನಿಗೆ ಆಗ್ಲೇ ಪೇಪರ್ ಓದಿ ಹೇಳ್ದೆ ಕಣೋ” ಅಂದ.

ಡಿಗ್ರಿ ಮುಗಿಯಿತು, ಬ್ಯಾಂಡೂ ಮುಗಿಯಿತು. ಅದು ನಮಗೆ ಯಾವ ಕೆಲಸವನ್ನೂ ಕೊಡಿಸಲಿಲ್ಲ. ಇಂಟರ್‌ವ್ಯೂಗಳಲ್ಲಿ ಯಾರೂ ಅದನ್ನು ಕೇಳಲೂ ಇಲ್ಲ. ಆದರೆ ಎಲ್ಲ ಕೂಡಿಬರಲಿ ಎಂದು ಕಾಯದೆ, ಕೈಲಿದ್ದುದರಲ್ಲೇ ಶುರು ಮಾಡುವ ಅಭ್ಯಾಸ ಅಲ್ಲಿಂದಲೇ ಬಂತು. ಗೆಳೆಯ ಈಗ ನರಸಾಪುರದ ಕಾರ್ಖಾನೆಯಲ್ಲಿದ್ದಾನೆ. ಸಾವಿನ ಮನೆಗೆ ಬಡಿಯಲು ಕರೆದರೆ ಹೋಗುವುದಿಲ್ಲ. ಕಾರ್ಯಕ್ರಮಕ್ಕೆ ಕರೆದರೆ ಹೋಗುತ್ತಾನೆ, ಎಷ್ಟು ಕೊಡಬೇಕು ಎಂದು ಮೊದಲೇ ಹೇಳಿ.