ಸಿಐಡಿ 999: ಯಾವುದು ಮೊದಲು, ಯಾವುದು ಆಮೇಲೆ?

ಪುಣೆಯ ಕನ್ನಡ ಮನೆಗಳ ಹುಡುಗರಿಗೆ ರಾಜ್‌ಕುಮಾರ್ ಅವರನ್ನು ಪರಿಚಯ ಮಾಡಿಸಬೇಕೆಂದರೆ ನಾನು ಅವರ ಸಿಐಡಿ 999 ಚಿತ್ರಸರಣಿಯಿಂದ ಶುರು ಮಾಡಿ ಎನ್ನುತ್ತೇನೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಆಡುವ ಮಕ್ಕಳಿಗೆ ಪೌರಾಣಿಕ ಚಿತ್ರದ ಹಳಗನ್ನಡ ಛಾಯೆಯ ಮಾತು ತಟ್ಟನೆ ಹತ್ತುವುದಿಲ್ಲ. ಪಿಸ್ತೂಲು ಹಿಡಿದ ಗೂಢಚಾರ ಹತ್ತುತ್ತಾನೆ. ಆಮೇಲೆ ಬರುವ ಪ್ರಶ್ನೆ, ಯಾವುದನ್ನು ಮೊದಲು ನೋಡಬೇಕು? ಇಲ್ಲಿಂದಲೇ ಗೊಂದಲ ಶುರು. ಮನೆಯ ಹಿರಿಯರು, ಆ ಚಿತ್ರಗಳನ್ನು ಟೂರಿಂಗ್ ಟಾಕೀಸಿನಲ್ಲಿ ನೋಡಿದವರು ಕೂಡ, ಖಚಿತವಾಗಿ ತಪ್ಪು ಹೇಳುತ್ತಾರೆ. ಅಂಥ ಕೆಲವು ನಂಬಿಕೆಗಳನ್ನು ಇಲ್ಲಿ ಒಂದೊಂದಾಗಿ ನೋಡೋಣ.

“ಮೊದಲನೆಯದು ‘ಗೋವಾದಲ್ಲಿ ಸಿಐಡಿ 999’”

ಅಲ್ಲ, ‘ಜೇಡರ ಬಲೆ’. ಬಂದದ್ದು 1968ರಲ್ಲಿ. ದೊರೈ–ಭಗವಾನ್ ಎಂಬ ಜೋಡಿ ಹೆಸರಿನ ನಿರ್ದೇಶನ ಶುರುವಾದದ್ದೇ ಈ ಚಿತ್ರದಿಂದ. ನಾಯಕಿ ಜಯಂತಿ. ಸಿಐಡಿ 999 ಪ್ರಕಾಶ್ ಎಂಬ ಪಾತ್ರವಾಗಿ ರಾಜ್‌ಕುಮಾರ್ ಮೊದಲ ಸಲ ಕಾಣಿಸಿಕೊಂಡದ್ದು ಇಲ್ಲಿಯೇ. ‘ಗೋವಾದಲ್ಲಿ ಸಿಐಡಿ 999’ ಅದೇ ವರ್ಷ, ಆದರೆ ಇದರ ಬಳಿಕ ಬಂತು.

ತಪ್ಪಿಗೆ ಕಾರಣ ಸರಳ. ಮೊದಲ ಚಿತ್ರದ ಹೆಸರಿನಲ್ಲಿ 999 ಇಲ್ಲ. ‘ಜೇಡರ ಬಲೆ’ ಎಂದು ಕೇಳಿದರೆ ಅದು ಸರಣಿಯ ಚಿತ್ರ ಎಂದು ಯಾರಿಗೂ ಹೊಳೆಯುವುದಿಲ್ಲ. ಚಿತ್ರ ಗೆದ್ದು, ಪಾತ್ರದ ಸಂಖ್ಯೆ ಜನರ ಬಾಯಲ್ಲಿ ನಿಂತ ಮೇಲೆ ಅದೇ ಸಂಖ್ಯೆ ಎರಡನೆಯ ಮತ್ತು ಮೂರನೆಯ ಚಿತ್ರದ ಹೆಸರಿಗೆ ಏರಿತು. ಇಂದು ಯೂಟ್ಯೂಬಿನಲ್ಲಿ ‘999’ ಎಂದು ಹುಡುಕುವವರಿಗೆ ಸಿಗುವುದೂ ಆ ಎರಡೇ. ಹೀಗಾಗಿ ಎಲ್ಲಕ್ಕೂ ಬುನಾದಿ ಹಾಕಿದ ಚಿತ್ರವೇ ಪಟ್ಟಿಯಿಂದ ಜಾರಿಹೋಗುತ್ತದೆ.

“ಇರುವುದು ಮೂರೇ”

ನಾಲ್ಕು. ‘ಜೇಡರ ಬಲೆ’ (1968), ‘ಗೋವಾದಲ್ಲಿ ಸಿಐಡಿ 999’ (1968), ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ (1969), ‘ಆಪರೇಷನ್ ಡೈಮಂಡ್ ರಾಕೆಟ್’ (1978). ನಾಲ್ಕಕ್ಕೂ ನಿರ್ದೇಶಕರು ದೊರೈ–ಭಗವಾನ್, ಸಂಗೀತ ಜಿ. ಕೆ. ವೆಂಕಟೇಶ್.

ಕೊನೆಯದನ್ನು ಜನ ಬಿಡುವುದಕ್ಕೂ ಕಾರಣವಿದೆ. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಒಂಬತ್ತು ವರ್ಷ ಅಂತರ. ಮೊದಲ ಮೂರು ಕಪ್ಪು-ಬಿಳುಪು, ಕೊನೆಯದು ಬಣ್ಣದ್ದು, ಅದೂ ನೇಪಾಳದ ಹಿನ್ನೆಲೆಯಲ್ಲಿ ತೆಗೆದದ್ದು. ಹೆಸರಿನಲ್ಲಿ ಮತ್ತೆ 999 ಇಲ್ಲ. ಇನ್ನೊಂದು ತೊಡಕು, ಈ ಚಿತ್ರದಲ್ಲಿ ರಾಜ್‌ಕುಮಾರ್ ಹಾಡಿದ ಇಂಗ್ಲಿಷ್ ಹಾಡು. ಮೊಬೈಲಿನಲ್ಲಿ ಅದು ದೇಶವಿದೇಶ ಸುತ್ತಿದೆ. ಹಾಡನ್ನು ಮಾತ್ರ ತುಣುಕಾಗಿ ಕಂಡ ಹುಡುಗರಿಗೆ ಅದರ ಹಿಂದೆ ಹತ್ತು ವರ್ಷದ ಸರಣಿಯೊಂದಿದೆ ಎಂಬ ಸುಳಿವೇ ಸಿಗುವುದಿಲ್ಲ.

ಆ ಹಾಡನ್ನು ಕೊನೆಯಲ್ಲೇ ಕೇಳಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಕಾರಣ ದನಿ. ಮೊದಲ ಮೂರು ಚಿತ್ರಗಳ ಕಾಲದಲ್ಲಿ ರಾಜ್‌ಕುಮಾರ್ ತುಟಿಯಾಡಿಸಿದರೆ ಕೇಳಿಬರುತ್ತಿದ್ದದ್ದು ಪಿ. ಬಿ. ಶ್ರೀನಿವಾಸ್ ಅವರ ಕಂಠ. 1974ರ ‘ಸಂಪತ್ತಿಗೆ ಸವಾಲ್’ ಬಳಿಕ ರಾಜ್‌ಕುಮಾರ್ ತಮ್ಮ ಪಾತ್ರಗಳಿಗೆ ತಾವೇ ಹಾಡತೊಡಗಿದರು. ಹಾಗಾಗಿ ನಾಲ್ಕನೆಯ ಚಿತ್ರಕ್ಕೆ ಬರುವ ಹೊತ್ತಿಗೆ ಪ್ರಕಾಶನ ಮಾತೂ ಹಾಡೂ ಒಂದೇ ಗಂಟಲಿನಿಂದ ಬರುತ್ತವೆ. ಕನ್ನಡ ಚಿತ್ರಸಂಗೀತದ ಅಷ್ಟು ದೊಡ್ಡ ತಿರುವು ಒಂದೇ ಪಾತ್ರದೊಳಗೆ ಕೇಳಿಸುವುದು ಇಲ್ಲಿ. ಮೊದಲೇ ನಾಲ್ಕನೆಯದನ್ನು ನೋಡಿದವರಿಗೆ ಅದು ಬರೀ ಒಂದು ಒಳ್ಳೆಯ ಹಾಡು, ಅಷ್ಟೆ.

“ಕ್ರಮ ತಪ್ಪಿದರೆ ಕತೆ ತಿಳಿಯುವುದಿಲ್ಲ”

ಕತೆ ತಿಳಿಯುತ್ತದೆ. ಒಂದೊಂದು ಚಿತ್ರವೂ ಒಂದೊಂದು ಪ್ರಕರಣ. ಒಂದರಲ್ಲಿ ಬಿಟ್ಟ ಎಳೆಯನ್ನು ಇನ್ನೊಂದರಲ್ಲಿ ಹಿಡಿಯುವ ಪದ್ಧತಿ ಇಲ್ಲಿಲ್ಲ. ನಾಯಕಿಯರು ಕೂಡ ಬದಲಾಗುತ್ತಾರೆ. ಮೊದಲನೆಯದರಲ್ಲಿ ಜಯಂತಿ, ಎರಡನೆಯದರಲ್ಲಿ ಲಕ್ಷ್ಮಿ, ಮೂರನೆಯದರಲ್ಲಿ ರೇಖಾ, ನಾಲ್ಕನೆಯದರಲ್ಲಿ ಪದ್ಮಪ್ರಿಯಾ.

ಆದರೂ ಬಿಡುಗಡೆಯಾದ ಕ್ರಮದಲ್ಲೇ ನೋಡಿ ಎನ್ನುತ್ತೇನೆ. ಇಲ್ಲಿ ಚಿತ್ರದಿಂದ ಚಿತ್ರಕ್ಕೆ ಮುಂದುವರಿಯುವುದು ಕತೆಯಲ್ಲ, ಕಸುಬು. 1968ರಲ್ಲಿ ರಾಜ್‌ಕುಮಾರ್ ಏನೇನು ಮಾಡುತ್ತಿದ್ದರು ನೋಡಿ. ಅವರ ನೂರನೆಯ ಚಿತ್ರ ‘ಭಾಗ್ಯದ ಬಾಗಿಲು’ ಅದೇ ವರ್ಷದ್ದು. ‘ಮಣ್ಣಿನ ಮಗ’ ಅದೇ ವರ್ಷದ್ದು. ತ್ರಿವೇಣಿಯವರ ಕಾದಂಬರಿಯಿಂದ ಬಂದ ‘ಹಣ್ಣೆಲೆ ಚಿಗುರಿದಾಗ’ ಕೂಡ. ಮಣ್ಣಿನ ಮಗನಾಗಿ ಜನ ಒಪ್ಪಿಕೊಂಡ ನಟ ಅದೇ ವರ್ಷ ಕೋಟು ತೊಟ್ಟು ಪಿಸ್ತೂಲು ಹಿಡಿದರೆ ಒಪ್ಪಿಯಾರೆ ಎಂಬುದು ಆಗ ನಿಜವಾದ ಪ್ರಶ್ನೆ. ‘ಜೇಡರ ಬಲೆ’ಯನ್ನು ಆ ಪ್ರಶ್ನೆಗೆ ಕೊಟ್ಟ ಉತ್ತರವಾಗಿ ನೋಡಬೇಕು. ಎರಡನೆಯ ಚಿತ್ರಕ್ಕೆ ಬರುವಾಗ ಆ ಅಳುಕು ಇಲ್ಲ. ಹಾಗಾಗಿಯೇ ಊರು ಬಿಟ್ಟು ಗೋವಾಕ್ಕೆ ಹೋಗುವ ಧೈರ್ಯ. ಗೋವಾ ಪೋರ್ಚುಗೀಸರ ಕೈಯಿಂದ ಬಿಡುಗಡೆಯಾದದ್ದು 1961ರ ಡಿಸೆಂಬರ್‌ನಲ್ಲಿ. ಮಹಾರಾಷ್ಟ್ರದೊಡನೆ ಸೇರಬೇಕೆ ಬೇಡವೆ ಎಂದು ಅಲ್ಲಿಯ ಜನ ಮತ ಹಾಕಿ, ಬೇಡ ಎಂದದ್ದು 1967ರ ಜನವರಿಯಲ್ಲಿ. ಪುಣೆಯ ಹಿರಿಯರಿಗೆ ಆ ಮತದಾನ ಈಗಲೂ ನೆನಪಿದೆ. ಮರುವರ್ಷವೇ ಕನ್ನಡದ ಗೂಢಚಾರ ಅಲ್ಲಿಗೆ ಹೋದ. ಇಂದಿನ ಪ್ರವಾಸಿಗಳ ಗೋವಾ ಅದಲ್ಲ, ನೋಡುಗರ ಪಾಲಿಗೆ ಆಗ ಅದು ಅರ್ಧ ಪರದೇಶ.

“ರೇಖಾ ಮೊದಲು ನಾಯಕಿಯಾದದ್ದು ಹಿಂದಿಯಲ್ಲಿ”

ಪುಣೆಯಲ್ಲಿ ಇದನ್ನು ನಂಬದವರು ಅಪರೂಪ. ಆಕೆಯ ಮೊದಲ ಹಿಂದಿ ಚಿತ್ರ ‘ಸಾವನ್ ಭಾದೋ’ ತೆರೆಕಂಡದ್ದು 1970ರಲ್ಲಿ. ಅದಕ್ಕೂ ಮುಂಚೆ, 1969ರಲ್ಲಿ, ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ ಚಿತ್ರದಲ್ಲಿ ಆಕೆ ರಾಜ್‌ಕುಮಾರ್ ಅವರಿಗೆ ನಾಯಕಿ. ಅದಕ್ಕಿಂತ ಹಿಂದೆ ತೆಲುಗಿನಲ್ಲಿ ಬಾಲನಟಿಯಾಗಿ ಬಂದದ್ದುಂಟು. ಲಕ್ಷ್ಮಿಯ ಕನ್ನಡ ಪ್ರವೇಶವೂ ಇದೇ ಸರಣಿಯಲ್ಲಿ, ‘ಗೋವಾದಲ್ಲಿ’ ಚಿತ್ರದಿಂದ.

“ಭಾರತದ ಮೊದಲ ಬಾಂಡ್ ಮಾದರಿ ಚಿತ್ರ ನಮ್ಮದು”

ಅಭಿಮಾನ ದೊಡ್ಡದು, ಆದರೆ ವರ್ಷಗಳು ಒಪ್ಪುವುದಿಲ್ಲ. ತೆಲುಗಿನ ‘ಗೂಢಚಾರಿ 116’ 1966ರಲ್ಲೇ ಬಂದಿತ್ತು, ನಾಯಕ ಕೃಷ್ಣ. ಅದನ್ನೇ ಹಿಂದಿಯಲ್ಲಿ 1967ರಲ್ಲಿ ‘ಫರ್ಜ್’ ಮಾಡಿದರು, ನಾಯಕ ಜಿತೇಂದ್ರ. ತಮಿಳಿನಲ್ಲಿ ಜೈಶಂಕರ್ 1966ರ ‘ವಲ್ಲವನ್ ಒರುವನ್’ ಚಿತ್ರದಿಂದ ಇದೇ ದಾರಿ ಹಿಡಿದಿದ್ದರು. ‘ಜೇಡರ ಬಲೆ’ ಕನ್ನಡಕ್ಕೆ ಮೊದಲು, ದೇಶಕ್ಕಲ್ಲ.

ಹೆಮ್ಮೆಪಡಬೇಕಾದ ಸಂಗತಿ ಬೇರೆ ಇದೆ. ಒಬ್ಬನೇ ನಟ, ಒಂದೇ ಪಾತ್ರ, ಒಂದೇ ನಿರ್ದೇಶಕ ಜೋಡಿ, ಒಬ್ಬನೇ ಸಂಗೀತ ನಿರ್ದೇಶಕ, ಹತ್ತು ವರ್ಷದಲ್ಲಿ ನಾಲ್ಕು ಚಿತ್ರ. ಮಲಯಾಳದಲ್ಲಿ ಪ್ರೇಂ ನಜೀರ್ ಅವರ ‘ಸಿಐಡಿ ನಜೀರ್’ ಸರಣಿ ಶುರುವಾದದ್ದು 1971ರಲ್ಲಿ, ಅಂದರೆ ನಮ್ಮ ಮೂರು ಚಿತ್ರ ಮುಗಿದ ಮೇಲೆ. ನಡುವೆ ಇದೇ ದೊರೈ–ಭಗವಾನ್ ‘ಕಸ್ತೂರಿ ನಿವಾಸ’ (1971), ವಾಣಿಯವರ ಕಾದಂಬರಿಯ ‘ಎರಡು ಕನಸು’ (1974) ಮಾಡಿದರು. ಸಂಸಾರದ ಕತೆಗಳಲ್ಲಿ ಹೆಸರು ಮಾಡಿ, ಮತ್ತೆ ಗೂಢಚಾರನ ಬಳಿಗೆ ಬಂದರು. ನಾಲ್ಕನೆಯ ಚಿತ್ರದ ಓಟ ಬೇರೆಯಾಗಿರುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಎಣಿಕೆ.

“ಇದೂ ಬಾಂಡ್‌ನಂತೆ ಪುಸ್ತಕದಿಂದ ಬಂದದ್ದು”

ಓದುವ ಹುಚ್ಚಿರುವವರು ಎನ್. ನರಸಿಂಹಯ್ಯನವರ ಕಾದಂಬರಿಗಳ ಪತ್ತೇದಾರ ಪುರುಷೋತ್ತಮನನ್ನೂ 999 ಪ್ರಕಾಶನನ್ನೂ ಒಂದೇ ಎಂದುಕೊಳ್ಳುವುದುಂಟು. ಇಬ್ಬರಿಗೂ ನಂಟಿಲ್ಲ. ನರಸಿಂಹಯ್ಯನವರನ್ನು ಓದಿ, ಖಂಡಿತ ಓದಿ. ಆದರೆ ಆ ಸಾಲು ಬೇರೆ, ಈ ಸಾಲು ಬೇರೆ.

“ಬಾಂಡ್ ಪುಸ್ತಕಗಳನ್ನು ಚಿತ್ರಗಳ ಕ್ರಮದಲ್ಲಿ ಓದಿದರಾಯಿತು”

999ರಿಂದ ಶುರುವಾದ ಆಸಕ್ತಿ 007ರ ತನಕ ಹೋಗದೆ ಇರದು. ಪುಣೆಯ ಅಪ್ಪಾ ಬಳವಂತ ಚೌಕದ ಸುತ್ತಿನ ಅಂಗಡಿಗಳಲ್ಲಿ ಪುಸ್ತಕ ಹುಡುಕುವ ಹುಡುಗರಿಗೆ ಅತಿ ಹೆಚ್ಚು ಹೇಳಬೇಕಾಗುವುದು ಇದನ್ನೇ. 999ರಲ್ಲಿ ಕ್ರಮ ತಪ್ಪಿದರೆ ರುಚಿ ಮಾತ್ರ ಕಡಿಮೆಯಾದೀತು, ಬಾಂಡ್ ಪುಸ್ತಕಗಳಲ್ಲಿ ಕ್ರಮ ತಪ್ಪಿದರೆ ಕತೆಯೇ ಕೆಡುತ್ತದೆ.

ಮೊದಲ ಚಿತ್ರ ‘ಡಾಕ್ಟರ್ ನೋ’ (1962). ಆದರೆ ಇಯಾನ್ ಫ್ಲೆಮಿಂಗ್ ಬರೆದ ಕ್ರಮದಲ್ಲಿ ಅದು ಆರನೆಯ ಕಾದಂಬರಿ, 1958ರದ್ದು. ಮೊದಲನೆಯದು 1953ರ ‘ಕಸೀನೋ ರಾಯಲ್’. ಅದರ ಹಕ್ಕು ಆಗಲೇ ಬೇರೆಯವರ ಕೈ ಸೇರಿತ್ತು. ‘ಥಂಡರ್‌ಬಾಲ್’ ಕಾದಂಬರಿ ಕೋರ್ಟಿನಲ್ಲಿತ್ತು. ನಿರ್ಮಾಪಕರು ‘ಡಾಕ್ಟರ್ ನೋ’ ಎತ್ತಿಕೊಂಡದ್ದು ಆ ಪರಿಸ್ಥಿತಿಯಲ್ಲಿ. ಡೇನಿಯಲ್ ಕ್ರೇಗ್ ನಟಿಸಿದ ‘ಕಸೀನೋ ರಾಯಲ್’ ಬಂದದ್ದು 2006ರಲ್ಲಿ, ಪುಸ್ತಕ ಬಂದು ಐವತ್ತಮೂರು ವರ್ಷದ ಮೇಲೆ.

ಒಂದು ಉದಾಹರಣೆ ಸಾಕು. 1957ರ ‘ಫ್ರಮ್ ರಷ್ಯಾ, ವಿತ್ ಲವ್’ ಕಾದಂಬರಿ ಮುಗಿಯುವುದು ವಿಷ ತಾಗಿದ ಬಾಂಡ್ ನೆಲಕ್ಕುರುಳುವಲ್ಲಿ. ಮುಂದಿನ ಪುಸ್ತಕ ‘ಡಾಕ್ಟರ್ ನೋ’ ತೆರೆಯುವಾಗ ಆತ ಆ ವಿಷದಿಂದ ಚೇತರಿಸಿಕೊಂಡಿದ್ದಾನೆ. ಹಳೆಯ ಬೆರೆಟ್ಟಾ ಪಿಸ್ತೂಲು ಕೈಕೊಟ್ಟಿತೆಂದು ಮೇಲಧಿಕಾರಿ ಎಂ. ಅದನ್ನು ಕಿತ್ತುಕೊಂಡು ವಾಲ್ಥರ್ ಕೊಡುತ್ತಾನೆ. ಚಿತ್ರಗಳಲ್ಲಿ ‘ಡಾಕ್ಟರ್ ನೋ’ 1962, ‘ಫ್ರಮ್ ರಷ್ಯಾ’ 1963. ಪಿಸ್ತೂಲು ಬದಲಿಸುವ ದೃಶ್ಯ ಚಿತ್ರದಲ್ಲೂ ಇದೆ, ಆದರೆ ಅದರ ಹಿಂದಿನ ನೋವು ಇಲ್ಲ.

ಇನ್ನೂ ಕೆಟ್ಟದ್ದು ಮುಂದಿದೆ. ಬ್ಲೋಫೆಲ್ಡ್ ಎಂಬ ಖಳನ ಮೂರು ಪುಸ್ತಕಗಳು ‘ಥಂಡರ್‌ಬಾಲ್’ (1961), ‘ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್’ (1963), ‘ಯೂ ಓನ್ಲಿ ಲಿವ್ ಟ್ವೈಸ್’ (1964). ಎರಡನೆಯದರ ಕೊನೆಗೆ ಮದುವೆಯಾದ ದಿನವೇ ಬಾಂಡ್‌ನ ಹೆಂಡತಿ ಟ್ರೇಸಿಯ ಕೊಲೆಯಾಗುತ್ತದೆ. ಮೂರನೆಯದು ಆ ದುಃಖದಲ್ಲಿ ಕುಸಿದವನ ಕತೆ, ಸೇಡಿನ ಕತೆ. ಚಿತ್ರಗಳಲ್ಲಿ ಇವು ತಿರುವುಮುರುವು. ‘ಯೂ ಓನ್ಲಿ ಲಿವ್ ಟ್ವೈಸ್’ 1967ರಲ್ಲಿ ಶಾನ್ ಕಾನರಿಯೊಡನೆ, ಮದುವೆಯ ಕತೆ 1969ರಲ್ಲಿ ಜಾರ್ಜ್ ಲೇಜನ್‌ಬಿಯೊಡನೆ. ಹಾಗಾಗಿ ಹಿಂದಿನ ಚಿತ್ರದಲ್ಲಿ ಎದುರುಬದುರು ನಿಂತು ಮಾತಾಡಿದ ಬಾಂಡ್ ಕನ್ನಡಕ ಹಾಕಿಕೊಂಡು ಬಂದರೆ ಬ್ಲೋಫೆಲ್ಡ್‌ಗೆ ಗುರುತೇ ಹತ್ತುವುದಿಲ್ಲ. ಮೊದಲ ಸಲ ನೋಡಿದವರು ಇದು ನಿರ್ದೇಶಕನ ಎಡವಟ್ಟು ಎಂದುಕೊಳ್ಳುತ್ತಾರೆ. ಎಡವಟ್ಟು ಕ್ರಮದ್ದು. ಈ ಮೂರು ಪುಸ್ತಕವನ್ನಾದರೂ ಬರೆದ ಕ್ರಮದಲ್ಲೇ ಓದಿ. ಫ್ಲೆಮಿಂಗ್ ಬರೆದವುಗಳಲ್ಲಿ ಅತಿ ಗಾಢವಾದ ಭಾಗ ಅದೇ.

ಮಿಕ್ಕವಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಉದಯಪುರದಲ್ಲಿ ತೆಗೆದ, ಕಬೀರ್ ಬೇಡಿ, ವಿಜಯ್ ಅಮೃತರಾಜ್ ಇರುವ ‘ಆಕ್ಟೊಪಸಿ’ (1983) ನೋಡಿ ಪುಸ್ತಕದಲ್ಲಿ ಭಾರತ ಹುಡುಕಿದರೆ ಸಿಗದು. ಅದು ಜಮೈಕಾದಲ್ಲಿ ನಡೆಯುವ ಸಣ್ಣ ಕತೆ.

“ಟೈಗರ್, ವಾರ್, ಪಠಾಣ್: ಯಾವುದು ಮೊದಲಾದರೂ ಒಂದೇ”

ಒಂದಕ್ಕೊಂದು ಹೆಣೆದುಕೊಂಡ ಈ ಹಿಂದಿ ಗೂಢಚಾರ ಚಿತ್ರಗಳಿಗೂ ಬಿಡುಗಡೆಯ ಕ್ರಮವೇ ಸರಿ, ‘ಏಕ್ ಥಾ ಟೈಗರ್’ (2012) ಮೊದಲು. 2023ರಲ್ಲಿ ಎರಡು ಬಂದವು, ಜನವರಿಯಲ್ಲಿ ‘ಪಠಾಣ್’, ನವೆಂಬರ್‌ನಲ್ಲಿ ‘ಟೈಗರ್ 3’. ಮೊದಲನೆಯದರಲ್ಲಿ ಟೈಗರ್ ಮಾಡಿದ ಉಪಕಾರವನ್ನು ಪಠಾಣ್ ತೀರಿಸುವುದು ಎರಡನೆಯದರಲ್ಲಿ. ಅದಲುಬದಲಾದರೆ ಆ ದೃಶ್ಯ ವ್ಯರ್ಥ.

“ಪುಣೆಯ ಆರ್ಕೈವ್‌ನಲ್ಲಿ ಎಲ್ಲ ಚಿತ್ರವೂ ಇರುತ್ತದೆ”

ಲಾ ಕಾಲೇಜು ರಸ್ತೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ನಮ್ಮ ಊರಿನ ದೊಡ್ಡ ಆಸ್ತಿ. ಶುರುವಾದದ್ದು 1964ರಲ್ಲಿ. ಆದರೆ ದೇಶದಲ್ಲಿ ತಯಾರಾದ ಪ್ರತಿ ಚಿತ್ರದ ಪ್ರತಿಯೂ ತಾನಾಗಿ ಅಲ್ಲಿಗೆ ಬಂದು ಸೇರುತ್ತದೆ ಎಂಬುದು ತಪ್ಪು. ಪುಸ್ತಕಕ್ಕೆ 1954ರ ಕಾನೂನಿದೆ, ಪ್ರಕಾಶಕರು ಗ್ರಂಥಾಲಯಗಳಿಗೆ ಪ್ರತಿ ಕೊಡಲೇಬೇಕು. ಸಿನಿಮಾಕ್ಕೆ ಅಂಥ ಕಾನೂನಿಲ್ಲ. ಅಲ್ಲಿರುವ ರೀಲುಗಳು ಹುಡುಕಿ ತಂದವು, ಕೇಳಿ ಪಡೆದವು. 1965ರಲ್ಲಿ ಸೇರಿ 1991ರಲ್ಲಿ ನಿವೃತ್ತರಾದ ಪಿ. ಕೆ. ನಾಯರ್ ತಮ್ಮ ಕಾಲದಲ್ಲಿ ಸುಮಾರು 12,000 ಚಿತ್ರಗಳನ್ನು ಕೂಡಿಹಾಕಿದರು. ನಮ್ಮ ಹೆಗ್ಗೋಡಿನ ನೀನಾಸಂಗೆ ಬಂದು ಹಳ್ಳಿಯ ಜನರಿಗೆ ಜಗತ್ತಿನ ಸಿನಿಮಾ ತೋರಿಸಿದವರೂ ಅವರೇ. ಅಂಥವರು ಇದ್ದೂ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ (1934) ಉಳಿಯಲಿಲ್ಲ. ಇಲ್ಲಿಂದ ಅಷ್ಟೇನೂ ದೂರವಲ್ಲದ ಕೊಲ್ಲಾಪುರದ ಸ್ಟುಡಿಯೋದಲ್ಲಿ ತಯಾರಾದ ಚಿತ್ರ ಅದು.

ಆದ್ದರಿಂದ ಮನೆಯ ಅಟ್ಟದಲ್ಲಿ ‘ಜೇಡರ ಬಲೆ’ಯ ಹಾಡಿನ ಪುಸ್ತಕವೋ ಭಿತ್ತಿಪತ್ರವೋ ಸಿಕ್ಕರೆ ರದ್ದಿಗೆ ಹಾಕಬೇಡಿ. ಸಂಗ್ರಹಾಲಯ ರೀಲುಗಳನ್ನಷ್ಟೇ ಅಲ್ಲ, ಇವನ್ನೂ ಕಾಪಾಡುತ್ತದೆ. ಇನ್ನು ನೋಡುವಾಗ, ಒಂದೇ ವರ್ಷದ ಎರಡು ಚಿತ್ರಗಳಲ್ಲಿ ಯಾವುದು ಮುಂಚಿನದೆಂಬ ಅನುಮಾನ ಬಂದರೆ, ಮೊದಲ ಕ್ಷಣದಲ್ಲಿ ಪರದೆಯ ಮೇಲೆ ಬರುವ ಸೆನ್ಸಾರ್ ಪತ್ರದಲ್ಲಿ ಚಿತ್ರವನ್ನು ನಿಲ್ಲಿಸಿ. ಅದರಲ್ಲಿ ದಿನಾಂಕವಿರುತ್ತದೆ. ಅದು ಬಿಡುಗಡೆಯ ದಿನವಲ್ಲ, ಆದರೆ ಎರಡು ಪತ್ರಗಳನ್ನು ಪಕ್ಕದಲ್ಲಿಟ್ಟರೆ ಯಾವುದು ಮೊದಲು ಸಿದ್ಧವಾಯಿತೆಂದು ಗೊತ್ತಾಗುತ್ತದೆ. ಯೂಟ್ಯೂಬಿಗೆ ಹಾಕುವವರು ಆ ಪತ್ರವನ್ನೇ ಕತ್ತರಿಸುವುದುಂಟು. ಪತ್ರ ಇರುವ ಪ್ರತಿಯನ್ನೇ ಹುಡುಕಿ ನೋಡಿ.