ಮಾತಿಲ್ಲದ ಕಾಲದ ಹಿಚ್‌ಕಾಕ್

ಆಲ್ಫ್ರೆಡ್ ಹಿಚ್‌ಕಾಕ್ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು 1960ರ 'ಸೈಕೋ' ಚಿತ್ರದ ಸ್ನಾನದ ಮನೆ, ಇಲ್ಲವೆ 1963ರ 'ದಿ ಬರ್ಡ್ಸ್' ಚಿತ್ರದಲ್ಲಿ ಊರಿಗೆ ಊರನ್ನೇ ಮುತ್ತುವ ಹಕ್ಕಿಗಳ ಹಿಂಡು. ಇವೆಲ್ಲ ಆತ 1939ರಲ್ಲಿ ಅಮೆರಿಕೆಗೆ ಹೋದ ಮೇಲೆ ತೆಗೆದ ಚಿತ್ರಗಳು. ಅದಕ್ಕೆ ಬಹು ಮೊದಲೇ, 1925ರಿಂದ 1929ರವರೆಗಿನ ಅವಧಿಯಲ್ಲಿ, ಬ್ರಿಟಿಷ್ ಕಂಪನಿಗಳಿಗಾಗಿ ಆತ ಹತ್ತು ಮೂಕಚಿತ್ರಗಳನ್ನು ತೆಗೆದಿದ್ದನು. ಅವುಗಳಲ್ಲಿ ಒಂಬತ್ತು ಇಂದಿಗೂ ಉಳಿದಿವೆ. ಸಿನಿಮಾ ಪಂಡಿತರನ್ನು ಬಿಟ್ಟರೆ ಅವನ್ನು ನೋಡಿದವರು ಕಡಿಮೆ.

ನಾನೂ ನೋಡಿರಲಿಲ್ಲ. ಕಳೆದ ಮಳೆಗಾಲದ ಒಂದು ರವಿವಾರ ಮನೆಯಲ್ಲಿ 1926ರ 'ದಿ ಲಾಡ್ಜರ್' ಹಾಕಿಕೊಂಡು ಕುಳಿತೆ. ಊರಿನಿಂದ ಬಂದು ನಮ್ಮೊಡನಿರುವ ತಾಯಿಯವರೂ ಪಕ್ಕದಲ್ಲಿದ್ದರು. ಅವರಿಗೆ ಕನ್ನಡವಲ್ಲದೆ ಬೇರೆ ಭಾಷೆ ಬಾರದು. ಮುಂಬಯಿಗೆ ಬಂದ ಮೇಲೆ ಸೊಸೆ ಮೊಮ್ಮಕ್ಕಳು ನೋಡುವ ಹಿಂದಿ ಚಿತ್ರಗಳ ಮುಂದೆ ಕುಳಿತು, ಎಲ್ಲರೂ ನಕ್ಕಾಗ ತಾವೂ ನಗುವುದನ್ನು ಕಲಿತಿದ್ದಾರೆ. ಅಂದು ನಾನು ತೆರೆಯ ಮೇಲೆ ಬಂದ ಇಂಗ್ಲಿಷ್ ಬರೆಹದ ಮೊದಲ ಎರಡು ಫಲಕಗಳನ್ನು ಕನ್ನಡದಲ್ಲಿ ಹೇಳಿದೆ. ಮೂರನೆಯದಕ್ಕೆ ಅವರು, "ಓದಬ್ಯಾಡಪ್ಪಾ, ಎಲ್ಲಾ ತಿಳೀತದ" ಎಂದರು.

ನಿಜಕ್ಕೂ ತಿಳಿದಿತ್ತು. ಲಂಡನ್ನಿನಲ್ಲಿ ಹೊಂಬಣ್ಣದ ಕೂದಲಿನ ಹುಡುಗಿಯರನ್ನು ಮಂಗಳವಾರಗಳಂದು ಕೊಲ್ಲುವವನೊಬ್ಬನಿದ್ದಾನೆ. ದಟ್ಟ ಮಂಜು ಕವಿದ ಒಂದು ರಾತ್ರಿ, ಮುಖದ ಅರ್ಧಕ್ಕೆ ವಸ್ತ್ರ ಸುತ್ತಿಕೊಂಡ ತರುಣನೊಬ್ಬ ಬಂಟಿಂಗ್ ದಂಪತಿಗಳ ಮನೆಗೆ ಬಾಡಿಗೆಗೆ ಕೋಣೆ ಕೇಳಿಕೊಂಡು ಬರುತ್ತಾನೆ. ಆ ಮನೆಯ ಮಗಳ ಕೂದಲೂ ಹೊಂಬಣ್ಣದ್ದೇ. ಬಂದವನು ಮಹಡಿಯ ಕೋಣೆಯಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಾನೆ. ಕೆಳಗೆ ಕುಳಿತವರು ಕತ್ತೆತ್ತಿ ನೋಡುತ್ತಾರೆ. ಛಾವಣಿಯ ದೀಪದ ಗೊಂಚಲು ಅಲುಗುತ್ತದೆ. ಹೆಜ್ಜೆಯ ಸದ್ದನ್ನು ಕೇಳಿಸುವ ಉಪಾಯ ಆಗ ಇರಲಿಲ್ಲ. ಆದ್ದರಿಂದ ಹಿಚ್‌ಕಾಕ್ ದಪ್ಪ ಗಾಜಿನ ನೆಲವೊಂದನ್ನು ಮಾಡಿಸಿ, ನಟನನ್ನು ಅದರ ಮೇಲೆ ನಡೆಯಿಸಿ, ಕೆಳಗಿನಿಂದ ಚಿತ್ರ ತೆಗೆದನು. ಛಾವಣಿಯೇ ಕರಗಿದಂತಾಗಿ ಓಡಾಡುವ ಪಾದಗಳು ನಮಗೆ ಕಾಣುತ್ತವೆ. "ಮ್ಯಾಲ ಅವ ತಿರಗ್ಯಾಡತಾನ, ಕೆಳಗ ಇವರ ಎದಿ ಡವಡವ ಅನ್ನತದ" ಎಂದರು ತಾಯಿಯವರು. ಯಾವ ವಿಮರ್ಶಕನೂ ಇದಕ್ಕಿಂತ ಹೆಚ್ಚೇನು ಹೇಳಬಲ್ಲ? ಬಂದವನು ಕೊಲೆಗಾರನೋ ಅಲ್ಲವೋ ಎಂಬುದನ್ನು ನಾನಿಲ್ಲಿ ಹೇಳಿದರೆ ಓದುಗರ ಸುಖವನ್ನು ಕಸಿದಂತಾದೀತು.

ಅಂದಿನಿಂದ ಉಳಿದ ಚಿತ್ರಗಳನ್ನೂ, ಅವುಗಳ ಹಿಂದಿನ ಸಂಗತಿಗಳನ್ನೂ ಹುಡುಕತೊಡಗಿದೆ. ನನ್ನಂಥ ಗುಮಾಸ್ತರಿಗೆ ಸಂತೋಷ ಕೊಡುವ ವಿಷಯವೊಂದು ಮೊದಲೇ ಸಿಕ್ಕಿತು. 1899ರ ಆಗಸ್ಟ್ 13ರಂದು ಲಂಡನ್ನಿನ ಲೇಟನ್‌ಸ್ಟೋನಿನಲ್ಲಿ ತರಕಾರಿ ವ್ಯಾಪಾರಿಯ ಮಗನಾಗಿ ಹುಟ್ಟಿದ ಹಿಚ್‌ಕಾಕ್ ತನ್ನ ಜೀವನವನ್ನು ಆರಂಭಿಸಿದ್ದು ವಿದ್ಯುತ್ ಕೇಬಲ್ ತಯಾರಿಸುವ ಹೆನ್ಲಿ ಕಂಪನಿಯ ಕಚೇರಿಯಲ್ಲಿ, ಗುಮಾಸ್ತನಾಗಿ! ಕಚೇರಿ ಮುಗಿದ ಮೇಲೆ ಚಿತ್ರಕಲೆ ಕಲಿಯುತ್ತಿದ್ದನು. ಅಮೆರಿಕದ ಕಂಪನಿಯೊಂದು ಲಂಡನ್ನಿನ ಇಸ್ಲಿಂಗ್‌ಟನ್ನಿನಲ್ಲಿ ಸ್ಟುಡಿಯೋ ತೆರೆದಾಗ, ಮೂಕಚಿತ್ರಗಳ ಬರೆಹದ ಫಲಕಗಳಿಗೆ ಅಲಂಕಾರ ಬರೆಯುವ ಕೆಲಸ ಸಿಕ್ಕಿತು. ಮಾತನ್ನು ಬರೆದು ತೋರಿಸುವ ಕೆಲಸದಿಂದ ಹೊರಟವನು ಮಾತೇ ಬೇಡದಂತೆ ಕಥೆ ಹೇಳುವುದನ್ನು ಕಲಿತದ್ದು ವಿಶೇಷ.

ಆ ಪಾಠ ದೊರೆತದ್ದು ಜರ್ಮನಿಯಲ್ಲಿ. 1924ರಲ್ಲಿ ಸಹಾಯಕನಾಗಿ ಬರ್ಲಿನ್ನಿನ ಬಳಿಯ ಊಫಾ ಸ್ಟುಡಿಯೋಗೆ ಹೋಗಿದ್ದಾಗ, ಅಲ್ಲಿ ಮುರ್ನೌ ಎಂಬ ಮಹಾ ದಿಗ್ದರ್ಶಕನು 'ದಿ ಲಾಸ್ಟ್ ಲಾಫ್' ಚಿತ್ರವನ್ನು ತೆಗೆಯುತ್ತಿರುವುದನ್ನು ಆತ ಕಣ್ಣಾರೆ ಕಂಡನು. ಹೋಟೆಲಿನ ಮುದಿ ದ್ವಾರಪಾಲಕನೊಬ್ಬನ ಕಥೆ ಅದು. ಅದನ್ನು ಹೇಳಲು ಬರೆಹದ ಫಲಕಗಳು ಹೆಚ್ಚುಕಡಿಮೆ ಬೇಕೇ ಆಗಲಿಲ್ಲ. ಮರುವರ್ಷ ಹಿಚ್‌ಕಾಕ್ ತನ್ನ ಮೊದಲ ಚಿತ್ರ 'ದಿ ಪ್ಲೆಷರ್ ಗಾರ್ಡನ್' ತೆಗೆದದ್ದು ಮ್ಯೂನಿಕ್ಕಿನ ಎಮೆಲ್ಕಾ ಸ್ಟುಡಿಯೋದಲ್ಲಿ.

ಈ ಎಮೆಲ್ಕಾ ಹೆಸರು ನಮಗೆ ತೀರ ಪರಕೀಯವಲ್ಲ. ಅದೇ 1925ರಲ್ಲಿ ಹಿಮಾಂಶು ರಾಯ್ ಅವರು ಬುದ್ಧನ ಜೀವನವನ್ನು ಕುರಿತ 'ದಿ ಲೈಟ್ ಆಫ್ ಏಷ್ಯಾ' ಚಿತ್ರವನ್ನು ಇದೇ ಕಂಪನಿಯ ಜೊತೆಗೂಡಿ, ಫ್ರಾನ್ಜ್ ಓಸ್ಟೆನ್ ಎಂಬ ಜರ್ಮನ್ ದಿಗ್ದರ್ಶಕನೊಡನೆ ಭಾರತದಲ್ಲಿ ತೆಗೆದರು. ಮುಂದೆ 1934ರಲ್ಲಿ ರಾಯ್ ಮತ್ತು ಅವರ ಪತ್ನಿ ದೇವಿಕಾ ರಾಣಿ ಮುಂಬಯಿಯ ಮಲಾಡಿನಲ್ಲಿ ಬಾಂಬೆ ಟಾಕೀಸ್ ಕಟ್ಟಿದಾಗ ಓಸ್ಟೆನ್ ಅಲ್ಲಿಗೂ ಬಂದನು. ದೇವಿಕಾ ರಾಣಿಯವರು ರಾಯ್ ಅವರು ತೀರಿಕೊಂಡ ಬಳಿಕ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಅವರನ್ನು ಮದುವೆಯಾಗಿ, ಬೆಂಗಳೂರಿನ ಹೊರವಲಯದ ತಾತಗುಣಿಯಲ್ಲಿ ನೆಲೆಸಿ, 1994ರಲ್ಲಿ ನಮ್ಮ ನಾಡಿನಲ್ಲೇ ಕಣ್ಮುಚ್ಚಿದರು. ಮ್ಯೂನಿಕ್ಕಿನಲ್ಲಿ ಆಂಗ್ಲ ದಿಗ್ದರ್ಶಕ, ಭಾರತದಲ್ಲಿ ಜರ್ಮನ್ ದಿಗ್ದರ್ಶಕ! ಯಾರ ಭಾಷೆ ಯಾವುದು ಎಂಬುದು ತೆರೆಯ ಮೇಲೆ ಪ್ರಶ್ನೆಯೇ ಆಗದಿದ್ದ ಕಾಲ ಅದು.

ಹೊಸಬನ ದಾರಿ ಸುಗಮವಾಗಿತ್ತೆಂದಲ್ಲ. 'ದಿ ಲಾಡ್ಜರ್' ಸಿದ್ಧವಾದಾಗ ಹಂಚಿಕೆದಾರರು ಅದನ್ನು ಮೂಲೆಗೆ ತಳ್ಳಿದರು. ಐವರ್ ಮಾಂಟೇಗ್ಯೂ ಎಂಬ ತರುಣನನ್ನು ಕರೆಸಿ ಅದನ್ನು ತಿದ್ದಿಸಲಾಯಿತು. ನೂರಾರು ಇದ್ದ ಬರೆಹದ ಫಲಕಗಳು ಎಂಬತ್ತರ ಆಸುಪಾಸಿಗೆ ಇಳಿದುವೆಂದು ಹೇಳುತ್ತಾರೆ. ಚಿತ್ರ ಹೊರಬಿದ್ದಾಗ ಜನ ಮುಗಿಬಿದ್ದು ನೋಡಿದರು.

1927ರ 'ದಿ ರಿಂಗ್' ಚಿತ್ರದಲ್ಲಿ ಈ ವಿದ್ಯೆ ಇನ್ನಷ್ಟು ಪಕ್ವವಾಗಿದೆ. ಜಾತ್ರೆಯಲ್ಲಿ ಬಂದವರೊಡನೆಲ್ಲ ಮುಷ್ಟಿಯುದ್ಧ ಮಾಡುವ ಜಟ್ಟಿಯೊಬ್ಬನಿದ್ದಾನೆ. ಆತನೆದುರು ಯಾರೂ ಮೊದಲ ಸುತ್ತನ್ನು ದಾಟಿಲ್ಲ. ಇದನ್ನು ಹಿಚ್‌ಕಾಕ್ ಹೇಗೆ ತಿಳಿಸುತ್ತಾನೆ? '1' ಎಂದು ಬರೆದ ಫಲಕ ಸವೆದು ಮಾಸಿ ಹೋಗಿದೆ. ಅದನ್ನು ತೆಗೆದು '2' ಎಂಬುದನ್ನು ಹಾಕಿದರೆ, ಅದು ಹೊಚ್ಚ ಹೊಸದು! ಮುಂದೆ ಜಟ್ಟಿ ಗೆದ್ದು ಗೆಳೆಯರಿಗೆ ಷಾಂಪೇನ್ ಸುರಿಸುತ್ತಾನೆ, ಹೆಂಡತಿ ಬರಲೆಂದು ಎಲ್ಲರೂ ಕಾಯುತ್ತಾರೆ, ಆಕೆ ಬರುವುದಿಲ್ಲ, ಲೋಟಗಳಲ್ಲಿ ನೊರೆಯೆಲ್ಲ ಇಳಿದುಹೋಗುತ್ತದೆ. 1928ರ 'ದಿ ಫಾರ್ಮರ್ಸ್ ವೈಫ್' ಎಂಬ ಹಾಸ್ಯಚಿತ್ರದಲ್ಲಿ ವಿಧುರ ರೈತನೊಬ್ಬನು ಎರಡನೆಯ ಮದುವೆಗೆ ಹೆಣ್ಣು ಹುಡುಕುತ್ತಾನೆ. ಒಲೆಯ ಬಳಿ ತೀರಿಕೊಂಡವಳ ಖಾಲಿ ಕುರ್ಚಿ. ಅದರಲ್ಲಿ ಒಬ್ಬೊಬ್ಬಳನ್ನೂ ಕೂಡಿಸಿದಂತೆ ಕಲ್ಪಿಸಿಕೊಳ್ಳುತ್ತಾನೆ. ಆ ಕುರ್ಚಿಯೇ ಕಥೆ.

ಇಷ್ಟರಲ್ಲಿ ವಾಕ್ಚಿತ್ರದ ಕಾಲ ಬಂದಿತು. 1929ರ 'ಬ್ಲಾಕ್‌ಮೇಲ್' ಮೂಕಚಿತ್ರವಾಗಿಯೇ ಆರಂಭವಾಗಿ, ನಡುವೆ ಅದಕ್ಕೆ ಧ್ವನಿ ಸೇರಿಸಬೇಕೆಂದು ತೀರ್ಮಾನವಾಯಿತು. ನಾಯಿಕೆ ಆನ್ನಿ ಓಂಡ್ರಾ ಚೆಕ್ ಭಾಷೆಯವಳು. 'ದಿ ಮ್ಯಾಂಕ್ಸ್‌ಮನ್' ಚಿತ್ರದಲ್ಲಿ ಮ್ಯಾನ್ ದ್ವೀಪದ ಹುಡುಗಿಯಾಗಿ ನಟಿಸಿದ್ದಾಗ ಯಾರೂ ಆಕ್ಷೇಪಿಸಿರಲಿಲ್ಲ. ಈಗ ಲಂಡನ್ನಿನ ಅಂಗಡಿಯವನ ಮಗಳಾಗಿ ಆಕೆ ಬಾಯಿ ತೆರೆದರೆ ಉಚ್ಚಾರ ಹೊರಬೀಳುತ್ತಿತ್ತು. ಬೇರೊಬ್ಬರ ಧ್ವನಿಯನ್ನು ಆಮೇಲೆ ಕೂಡಿಸುವ ಸೌಕರ್ಯ ಆಗ ಇರಲಿಲ್ಲ. ಆದ್ದರಿಂದ ಜೋನ್ ಬ್ಯಾರಿ ಎಂಬ ಆಂಗ್ಲ ನಟಿ ಚೌಕಟ್ಟಿನ ಹೊರಗೆ ಮೈಕಿನ ಮುಂದೆ ನಿಂತು ಮಾತಾಡಿದಳು. ಓಂಡ್ರಾ ತುಟಿ ಆಡಿಸಿದಳು. ಅಲ್ಲಿಗೆ ಇಂಗ್ಲಿಷ್ ಚಿತ್ರಗಳಲ್ಲಿ ಆಕೆಯ ದಾರಿ ಮುಚ್ಚಿದಂತಾಯಿತು. ಚೆಕ್ ಮತ್ತು ಜರ್ಮನ್ ಚಿತ್ರಗಳಿಗೆ ಮರಳಿ ಅಲ್ಲಿ ಹೆಸರು ಗಳಿಸಿದಳು.

ಪರಭಾಷೆಯ ಊರಿನಲ್ಲಿ ಕಚೇರಿ ಸೇರಿದವರಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ. ಕೈಬರಹ, ಲೆಕ್ಕ, ಕಡತ ಇವುಗಳಲ್ಲಿ ಕೊರತೆ ಇರುವುದಿಲ್ಲ. ಬಾಯಿ ತೆರೆದಾಗ ಮಾತ್ರ ನಾಲ್ಕು ಜನ ತಿರುಗಿ ನೋಡುತ್ತಾರೆ. ಮೊದಲ ವರ್ಷ ನನ್ನ ಪಾಡೂ ಇದೇ ಆಗಿತ್ತು.

ಇದೇ ಚಿತ್ರದಲ್ಲಿ ಇನ್ನೊಂದು ಪ್ರಸಂಗವಿದೆ. ತನ್ನ ಮೇಲೆ ಕೈಮಾಡಿದವನನ್ನು ಹುಡುಗಿ ಆತ್ಮರಕ್ಷಣೆಗಾಗಿ ಚಾಕುವಿನಿಂದ ಇರಿದಿದ್ದಾಳೆ. ಮರುದಿನ ಉಪಾಹಾರದ ವೇಳೆ ನೆರೆಯವಳು ಬಂದು ಆ ಕೊಲೆಯ ವಿಷಯ ಹರಟುತ್ತಾಳೆ. ಆಕೆಯ ಮಾತೆಲ್ಲ ಕ್ರಮೇಣ ಅಸ್ಪಷ್ಟವಾದ ಗುಂಯ್‌ಗುಡುವಿಕೆಯಾಗಿ, 'ಚಾಕು' ಎಂಬ ಒಂದೇ ಶಬ್ದ ಮತ್ತೆ ಮತ್ತೆ ಸ್ಪಷ್ಟವಾಗಿ ಚುಚ್ಚುತ್ತದೆ. ಧ್ವನಿ ಕೈಗೆ ಬಂದ ಮೊದಲ ಸಲವೇ ಹಿಚ್‌ಕಾಕ್ ಮಾಡಿದ್ದು ಮಾತನ್ನು ಅಳಿಸುವ ಕೆಲಸ! ತಾಯಿಯವರು ಇಲ್ಲಿನ ಸಂತೆಯಲ್ಲಿ ಕೇಳುವುದೂ ಹೀಗೆಯೇ ಇದ್ದೀತು: ತಿಳಿಯದ ಗದ್ದಲ, ನಡುವೆ ತಿಳಿದ ಒಂದು ಶಬ್ದ. ಅನೇಕ ಚಿತ್ರಮಂದಿರಗಳಲ್ಲಿ ಧ್ವನಿಯಂತ್ರ ಇನ್ನೂ ಇರಲಿಲ್ಲವಾದ್ದರಿಂದ ಈ ಚಿತ್ರದ ಮೂಕ ಆವೃತ್ತಿಯೂ ಹೊರಬಂದಿತು. ಹತ್ತನೆಯ ಮೂಕಚಿತ್ರ ಅದೇ.

ಈ ಚಿತ್ರಗಳು ತಾವಾಗಿ ಉಳಿದವಲ್ಲ. ಹಳೆಯ ನೈಟ್ರೇಟ್ ಫಿಲ್ಮು ಬೇಗ ಬೆಂಕಿ ಹಿಡಿಯುತ್ತದೆ. ಇಲ್ಲವಾದರೆ ಡಬ್ಬಿಯಲ್ಲೇ ಕೊಳೆಯುತ್ತದೆ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಸಂಸ್ಥೆಯವರು ಬೇರೆ ಬೇರೆ ದೇಶಗಳಲ್ಲಿದ್ದ ಪ್ರತಿಗಳನ್ನು ತರಿಸಿ, ಹೋಲಿಸಿ, ತೊಳೆದು, ತೇಪೆ ಹಾಕಿ 2012ರಲ್ಲಿ ಒಂಬತ್ತನ್ನೂ ಮತ್ತೆ ತೆರೆಗೆ ತಂದರು. 'ದಿ ಲಾಡ್ಜರ್'ಗೆ ಹೊಸ ಸಂಗೀತ ಕೂಡಿಸಿದವರು ಭಾರತೀಯ ತಂದೆತಾಯಿಗಳ ಮಗನಾದ ನಿತಿನ್ ಸಾಹನಿ. ಹತ್ತರಲ್ಲಿ ಒಂದಾದ 1926ರ 'ದಿ ಮೌಂಟನ್ ಈಗಲ್' ಮಾತ್ರ ಸಿಕ್ಕಿಲ್ಲ. ಆದರೆ ಹಿಚ್‌ಕಾಕ್ ಸಹಾಯಕನಾಗಿ ದುಡಿದಿದ್ದ 1924ರ 'ದಿ ವೈಟ್ ಶ್ಯಾಡೋ' ಚಿತ್ರದ ಮೊದಲ ಮೂರು ರೀಲುಗಳು 2011ರಲ್ಲಿ ದೂರದ ನ್ಯೂಜಿಲೆಂಡಿನಲ್ಲಿ ದೊರೆತವು. ಹುಟ್ಟಿದ ಊರಿನಲ್ಲಿ ಕಳೆದುಹೋದದ್ದು ಪರದೇಶಕ್ಕೆ ಹೋದ ಪ್ರತಿಯಲ್ಲಿ ಉಳಿದಿತ್ತು.

ನಮ್ಮ ಮೊದಲ ಕನ್ನಡ ವಾಕ್ಚಿತ್ರ, 1934ರ 'ಸತಿ ಸುಲೋಚನಾ', ತಯಾರಾದದ್ದು ಕನ್ನಡ ನಾಡಿನಾಚೆಯ ಕೊಲ್ಹಾಪುರದಲ್ಲಿ. ಅದರ ಪ್ರತಿ ಇಂದು ಉಳಿದಿಲ್ಲ. ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ಅದರಲ್ಲಿ ಹೇಗೆ ಮಾತಾಡಿದರೆಂದು ಕೇಳುವ ಭಾಗ್ಯ ನಮಗಿಲ್ಲ. ಹೊರನಾಡಿನಲ್ಲಿರುವ ನಮ್ಮ ಮನೆಗಳ ಟ್ರಂಕುಗಳಲ್ಲಿ ಹಳೆಯ ನಾಟಕದ ಕರಪತ್ರ, ಸಂಘದ ಉತ್ಸವದ ಫಿಲ್ಮು, ಹಿರಿಯರ ಧ್ವನಿ ಹಿಡಿದಿಟ್ಟ ಟೇಪು ಏನಿದ್ದರೂ ರದ್ದಿಯವನಿಗೆ ಕೊಡುವ ಮುನ್ನ ಒಮ್ಮೆ ಯೋಚಿಸೋಣ.

ಇನ್ನೊಂದು ಸೂಚನೆ. ಮುಂದಿನ ಕುಟುಂಬ ಸಮ್ಮೇಳನದ ಸಂಜೆ ಸಂಘದ ಸಭಾಗೃಹದಲ್ಲಿ ಈ ಚಿತ್ರಗಳಲ್ಲೊಂದನ್ನು ತೋರಿಸಬಾರದೇಕೆ? ಕನ್ನಡ ಮಾತ್ರ ಬಲ್ಲ ಅಜ್ಜಿಯರೂ, ಕನ್ನಡ ಓದಲು ಬಾರದ ನಮ್ಮ ಮಕ್ಕಳೂ ಒಂದೇ ಸಾಲಿನಲ್ಲಿ ಕುಳಿತು, ಯಾರೂ ಯಾರಿಗೂ ಅರ್ಥ ಹೇಳದೆ, ಒಂದೇ ಕಡೆ ಬೆಚ್ಚಿಬೀಳಬಹುದು. ಕಾರ್ಯಕಾರಿ ಸಮಿತಿಯವರು ಮನಸ್ಸು ಮಾಡಬೇಕು. ನಮ್ಮ ಮನೆಯಿಂದ ಒಬ್ಬರು ಮುಂದಿನ ಸಾಲಿನಲ್ಲಿ ಜಾಗ ಹಿಡಿಯಲು ಈಗಲೇ ಸಿದ್ಧರಾಗಿದ್ದಾರೆ.